ಪರೀಕ್ಷೆ ಬದಲಾಯ್ತು, ನಮ್ಮ ತಯಾರಿ ಬದಲಾಯ್ತಾ?

ಇವತ್ತಿನ ವಿಷಯ ರಾಜಕೀಯ ಅಲ್ಲ, ಕ್ರೈಂ ಅಲ್ಲ, ಕ್ರಿಕೆಟ್ಟೂ ಅಲ್ಲ. ಒಂದು ಪರೀಕ್ಷೆ. ಹೆಸರು ಸ್ಯಾಟ್. ಅಮೆರಿಕದಲ್ಲಿ ಡಿಗ್ರಿ ಓದಬೇಕು ಅಂತ ಹೊರಡುವ ಮಕ್ಕಳು ಹೈಸ್ಕೂಲು, ಪಿಯುಸಿ ಹಂತದಲ್ಲೇ ಬರೆಯುವ ಪರೀಕ್ಷೆ ಇದು. ಅಲ್ಲೇ ನೆಲೆಸಿರುವ ನಮ್ಮ ಕನ್ನಡಿಗರ ಮನೆಗಳಲ್ಲಂತೂ ಮಕ್ಕಳು ಒಂಬತ್ತನೇ ಕ್ಲಾಸಿಗೆ ಬಂದರೆ ಸಾಕು, ಈ ಮಾತು ಶುರುವಾಗುತ್ತೆ. ಈಗ ಬೆಂಗಳೂರಿನಲ್ಲೂ ಶುರುವಾಗಿದೆ.

ಮಾತು ಶುರುವಾದ ಕಡೆ ಭಯನೂ ಶುರುವಾಗುತ್ತೆ. ಭಯ ಇರುವ ಕಡೆ ವ್ಯಾಪಾರ ಶುರುವಾಗುತ್ತೆ. 'ನಿಮ್ಮ ಮಗನ ಸ್ಕೋರ್ ಇಷ್ಟು ಏರಿಸಿ ಕೊಡ್ತೀವಿ, ಗ್ಯಾರಂಟಿ', 'ನಮ್ಮ ಹತ್ರ ಇರೋ ಪ್ರಶ್ನೆಗಳೇ ಬರುತ್ತವೆ', ಹೀಗೆಲ್ಲ. ಅಪ್ಪ ಅಮ್ಮ ಸಾಲ ಮಾಡಿಯಾದ್ರೂ ಫೀಸು ಕಟ್ಟುತ್ತಾರೆ. ಹಾಗಾಗಿ ಇವತ್ತು ಒಂದೇ ಪ್ರಶ್ನೆ ಇಟ್ಟುಕೊಂಡು ಕೂತಿದ್ದೇನೆ. ಈ ಪರೀಕ್ಷೆ ಈಗ ಸಂಪೂರ್ಣ ಡಿಜಿಟಲ್ ಆಗಿದೆಯಲ್ಲ, ಇದು ಮಗುವನ್ನು ಅಳೆಯೋದು ಹೇಗೆ? ಅದು ಗೊತ್ತಾದ್ರೆ ತಯಾರಿ ಹೇಗಿರಬೇಕು ಅನ್ನೋದು ತಾನಾಗೇ ಗೊತ್ತಾಗುತ್ತೆ.

ಮೊದಲು ಸ್ವಲ್ಪ ಹಿನ್ನೆಲೆ. ಸ್ಯಾಟ್ ಹೊಸದಲ್ಲ, 1926ರಿಂದ ನಡೆಯುತ್ತಿದೆ. ನಡೆಸುವುದು ಕಾಲೇಜ್ ಬೋರ್ಡ್ ಅನ್ನುವ ಸಂಸ್ಥೆ. ಸರ್ಕಾರದ್ದಲ್ಲ, ಖಾಸಗಿ, ಆದರೆ ಲಾಭಕ್ಕಾಗಿ ಇರುವ ಕಂಪನಿಯೂ ಅಲ್ಲ. ದಶಕಗಳ ಕಾಲ ಪೆನ್ಸಿಲ್ ಹಿಡಿದು ಗುಂಡಗೆ ತುಂಬಿಸುವ ಪರೀಕ್ಷೆಯಾಗಿತ್ತು, ನಮ್ಮ ಸಿಇಟಿಯ ಒಎಂಆರ್ ಹಾಳೆ ಇದೆಯಲ್ಲ, ಅದೇ ಥರ. 2023ರ ಮಾರ್ಚ್‌ನಲ್ಲಿ ಅಮೆರಿಕದ ಹೊರಗಿನ ದೇಶಗಳಲ್ಲಿ, ಅಂದರೆ ಭಾರತದಲ್ಲೂ, ಇದು ಕಂಪ್ಯೂಟರಿಗೆ ಬಂತು. ಒಂದು ವರ್ಷದ ನಂತರ, 2024ರ ಮಾರ್ಚ್‌ನಲ್ಲಿ ಅಮೆರಿಕದಲ್ಲೂ ಬಂತು. ಹೊಸದನ್ನು ಮೊದಲು ಬರೆದವರು ಹೊರದೇಶದ ಮಕ್ಕಳು.

ಬದಲಾಗಿದ್ದು ಬರೀ ಕಾಗದ ಹೋಗಿ ಸ್ಕ್ರೀನ್ ಬಂದಿದ್ದಾ? ಅಲ್ಲ. ಅಲ್ಲೇ ತುಂಬಾ ಜನ ಎಡವುತ್ತಿರೋದು.

ಹಳೆಯ ಪರೀಕ್ಷೆ ಮೂರು ಗಂಟೆ, 154 ಪ್ರಶ್ನೆ. ಈಗಿನದು 2 ಗಂಟೆ 14 ನಿಮಿಷ, 98 ಪ್ರಶ್ನೆ. ಎರಡು ವಿಭಾಗ. ಒಂದು ಇಂಗ್ಲಿಷ್ ಓದು ಮತ್ತು ಬರಹ, ಇನ್ನೊಂದು ಗಣಿತ. ಒಂದೊಂದಕ್ಕೂ 200ರಿಂದ 800 ಅಂಕ, ಒಟ್ಟು 1600. ಇಂಗ್ಲಿಷ್‌ನಲ್ಲಿ 54 ಪ್ರಶ್ನೆ, ಗಣಿತದಲ್ಲಿ 44. ಪ್ರತಿ ವಿಭಾಗವನ್ನೂ ಎರಡು ತುಂಡು ಮಾಡಿದ್ದಾರೆ, ಅದಕ್ಕೆ ಮಾಡ್ಯೂಲ್ ಅಂತಾರೆ. ಇಂಗ್ಲಿಷ್‌ನ ಒಂದು ಮಾಡ್ಯೂಲ್‌ಗೆ 32 ನಿಮಿಷ, ಗಣಿತದ ಒಂದು ಮಾಡ್ಯೂಲ್‌ಗೆ 35 ನಿಮಿಷ. ನಡುವೆ ಹತ್ತು ನಿಮಿಷ ಬಿಡುವು.

ಈಗ ಮುಖ್ಯ ವಿಷಯಕ್ಕೆ ಬನ್ನಿ. ಮೊದಲ ಮಾಡ್ಯೂಲ್‌ನಲ್ಲಿ ಸುಲಭ, ಮಧ್ಯಮ, ಕಷ್ಟ, ಮೂರೂ ಬೆರೆತ ಪ್ರಶ್ನೆ ಇರುತ್ತವೆ. ಅದನ್ನು ಮಗು ಹೇಗೆ ಮಾಡಿದೆ ಅಂತ ಕಂಪ್ಯೂಟರ್ ಅಲ್ಲಿಂದಲ್ಲಿಗೇ ಲೆಕ್ಕ ಹಾಕುತ್ತೆ. ಚೆನ್ನಾಗಿ ಮಾಡಿದ್ರೆ ಎರಡನೇ ಮಾಡ್ಯೂಲ್ ಕಷ್ಟದ್ದು ಬರುತ್ತೆ. ಇಲ್ಲದಿದ್ರೆ ಸುಲಭದ್ದು ಬರುತ್ತೆ. ಸುಲಭದ್ದು ಬಂದ್ರೆ ಒಳ್ಳೇದೇ ಅಲ್ವಾ ಅಂತೀರಾ? ಅಲ್ಲ. ಸುಲಭದ ಮಾಡ್ಯೂಲ್‌ಗೆ ಹೋದ ಮಗು ಅಲ್ಲಿ ಎಷ್ಟೇ ಚೆನ್ನಾಗಿ ಮಾಡಿದ್ರೂ ತೀರಾ ಮೇಲಿನ ಅಂಕಗಳು ಸಿಗಲ್ಲ. ಎಷ್ಟು ಸರಿ ಮಾಡಿದರೆ ಯಾವ ಕಡೆ ಅನ್ನುವ ಗೆರೆಯನ್ನು ಕಾಲೇಜ್ ಬೋರ್ಡ್ ಬಹಿರಂಗ ಮಾಡಿಲ್ಲ. ಗೊತ್ತು ಅಂತ ಯಾರಾದ್ರೂ ಹೇಳಿದ್ರೆ ಅದು ಅಂದಾಜು ಅಷ್ಟೇ.

ಇದೇನಪ್ಪಾ ಅನ್ಯಾಯ ಅನ್ನಿಸಬಹುದು. ಇದರ ಹಿಂದಿನ ತರ್ಕ ನೋಡಿ. ನಮ್ಮ ಕಿರಾಣಿ ಅಂಗಡಿಯ ಹಳೇ ತಕ್ಕಡಿ ನೆನಪು ಮಾಡಿಕೊಳ್ಳಿ. ಒಂದು ಚೀಲದಲ್ಲಿ ಎಷ್ಟು ಬೇಳೆ ಇದೆ ಅಂತ ತೂಗಬೇಕು. ಅಂಗಡಿಯವರು ಇದ್ದಬದ್ದ ಬಟ್ಟುಗಳನ್ನೆಲ್ಲ ಒಂದಾದ ಮೇಲೆ ಒಂದು ಇಡುತ್ತಾರಾ? ಇಲ್ಲ. ಮೊದಲು ಒಂದು ಕೆಜಿ ಬಟ್ಟು ಇಟ್ಟು ತಟ್ಟೆ ಯಾವ ಕಡೆ ವಾಲುತ್ತೆ ನೋಡ್ತಾರೆ. ಬೇಳೆ ಕಡೆ ವಾಲಿದ್ರೆ ದೊಡ್ಡ ಬಟ್ಟು, ಬಟ್ಟಿನ ಕಡೆ ವಾಲಿದ್ರೆ ಚಿಕ್ಕ ಬಟ್ಟು. ಕಾಲು ಕೆಜಿ ಬೇಳೆ ತೂಗಲಿಕ್ಕೆ ಐದು ಕೆಜಿ ಬಟ್ಟು ಇಟ್ಟರೆ ಏನೂ ತಿಳಿಯಲ್ಲ. ಪರೀಕ್ಷೆಯಲ್ಲೂ ಅಷ್ಟೇ. ಎಲ್ಲವನ್ನೂ ಸಲೀಸಾಗಿ ಮಾಡುವ ಮಗುವಿಗೆ ಇನ್ನೂ ಇಪ್ಪತ್ತು ಸುಲಭ ಪ್ರಶ್ನೆ ಕೊಟ್ಟರೆ ಹೊಸದಾಗಿ ತಿಳಿಯೋದು ಏನೂ ಇಲ್ಲ. ತಡವರಿಸುವ ಮಗುವಿಗೆ ಇಪ್ಪತ್ತು ಕಠಿಣ ಪ್ರಶ್ನೆ ಕೊಟ್ಟರೂ ಅಷ್ಟೇ. ಅದಕ್ಕೇ ಪ್ರಶ್ನೆಗಳ ಸಂಖ್ಯೆ ಇಷ್ಟು ಕಮ್ಮಿಯಾಗಿದ್ರೂ ಅಳತೆ ನಡೆಯುತ್ತೆ.

ಇನ್ನೊಂದು ಕಾರಣ ಸೋರಿಕೆ. ಕಾಗದದ ಕಾಲದಲ್ಲಿ ಪ್ರಶ್ನೆಪತ್ರಿಕೆ ಹೊರಬೀಳೋದು ದೊಡ್ಡ ತಲೆನೋವಾಗಿತ್ತು. 2013ರ ಮೇ ತಿಂಗಳಲ್ಲಿ ಸೋರಿಕೆಯ ಕಾರಣಕ್ಕೆ ದಕ್ಷಿಣ ಕೊರಿಯಾದಲ್ಲಿ ಪರೀಕ್ಷೆಯನ್ನೇ ರದ್ದು ಮಾಡಬೇಕಾಯ್ತು. ಈಗ ಅಕ್ಕಪಕ್ಕ ಕೂತ ಇಬ್ಬರು ಮಕ್ಕಳಿಗೆ ಬರುವ ಪ್ರಶ್ನೆಗಳು ಬೇರೆ ಬೇರೆ. ಎಲ್ಲರಿಗೂ ಒಂದೇ ಅನ್ನುವಂಥ 'ಪೇಪರ್' ಈಗಿಲ್ಲ. ಹಾಗಿರುವಾಗ 'ನಮ್ಮ ಹತ್ರ ಪೇಪರ್ ಇದೆ' ಅಂತ ವಾಟ್ಸ್‌ಆ್ಯಪ್‌ನಲ್ಲಿ ಬರುವವರಿಗೆ ನೀವು ದುಡ್ಡು ಕೊಡ್ತಿರೋದು ಯಾವುದಕ್ಕೆ, ಯೋಚನೆ ಮಾಡಿ. ಇಂಥ ವ್ಯವಹಾರದಲ್ಲಿ ಸಿಕ್ಕಿಬಿದ್ದರೆ ದುಡ್ಡಿನ ಜೊತೆ ಮಗುವಿನ ಸ್ಕೋರೂ ಹೋಗುತ್ತೆ.

ಸರಿ, ಯಂತ್ರ ಹೇಗೆ ಕೆಲಸ ಮಾಡುತ್ತೆ ಅನ್ನೋದು ಅರ್ಥ ಆಯ್ತು. ಈಗ ನಮ್ಮ ಮಕ್ಕಳ ಅಭ್ಯಾಸ ನೋಡೋಣ. ಕರ್ನಾಟಕದಲ್ಲಿ ಸ್ಯಾಟ್ ಬರೆಯುವ ಎಷ್ಟೋ ಮಕ್ಕಳು ಜೊತೆಜೊತೆಗೆ ಸಿಇಟಿಗೋ ಜೆಇಇಗೋ ತಯಾರಾಗುತ್ತಿರುತ್ತಾರೆ. ಅಲ್ಲಿ ಕಲಿತ ಮೂರು ಅಭ್ಯಾಸ ಇಲ್ಲಿ ಕೈಕೊಡುತ್ತವೆ.

ಮೊದಲನೆಯದು ಓಟ. ಸಿಇಟಿಯಲ್ಲಿ ಒಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ. ಪ್ರತಿ ಪ್ರಶ್ನೆಗೂ ಒಂದೇ ಅಂಕ. ಹಾಗಾಗಿ ನಾವು ಮಕ್ಕಳಿಗೆ ಏನು ಹೇಳಿಕೊಡ್ತೀವಿ? ಓಡು, ಸಿಕ್ಕಿದ್ದನ್ನು ಬಾಚಿಕೋ. ಆರಂಭದಲ್ಲಿ ಎರಡು ತಪ್ಪಿದ್ರೆ ಕೊನೆಯಲ್ಲಿ ಎರಡು ಸರಿ ಮಾಡಿ ಸರಿದೂಗಿಸಬಹುದು. ಸ್ಯಾಟ್‌ನಲ್ಲಿ ಈ ಲೆಕ್ಕ ನಡೆಯಲ್ಲ. ಮೊದಲ ಮಾಡ್ಯೂಲ್‌ನಲ್ಲಿ ಅವಸರಕ್ಕೆ ಬಿದ್ದು ಕಳೆದುಕೊಂಡ ಪ್ರಶ್ನೆ ಬರೀ ಅಂಕ ಕಳೆಯಲ್ಲ, ಮುಂದಿನ ದಾರಿಯನ್ನೇ ಬದಲಾಯಿಸಬಹುದು. ಮೊದಲ ಮಾಡ್ಯೂಲ್ ಮುಗಿದ ಮೇಲೆ ಹಿಂದಕ್ಕೆ ಹೋಗಲಿಕ್ಕೂ ಆಗಲ್ಲ. ಒಂದು ಮಾಡ್ಯೂಲ್‌ನ ಒಳಗೆ ಹಿಂದೆ ಮುಂದೆ ಓಡಾಡಬಹುದು, ಅನುಮಾನ ಇರೋದಕ್ಕೆ ಗುರುತು ಹಾಕಿ ಮತ್ತೆ ಬರಬಹುದು. ಆದ್ದರಿಂದ ಮೊದಲ ಮಾಡ್ಯೂಲ್‌ನಲ್ಲಿ ಕೊನೆಯ ನಾಲ್ಕೈದು ನಿಮಿಷ ಮರುಪರಿಶೀಲನೆಗೆ ಉಳಿಯುವ ಹಾಗೆ ಅಭ್ಯಾಸ ಮಾಡಿಸಬೇಕು.

ಎರಡನೆಯದು ಬಿಡುವ ಅಭ್ಯಾಸ. ಜೆಇಇ ಮೇನ್‌ನಲ್ಲಿ ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿದ್ರೆ ಒಂದು ಕಳೆಯುತ್ತಾರೆ. 'ಡೌಟ್ ಇದ್ರೆ ಮುಟ್ಟಬೇಡ' ಅಂತ ಎರಡು ವರ್ಷ ಕೇಳಿಸಿಕೊಂಡ ಮಗು ಸ್ಯಾಟ್‌ನಲ್ಲೂ ಖಾಲಿ ಬಿಟ್ಟು ಬರುತ್ತೆ. ಸ್ಯಾಟ್‌ನಲ್ಲಿ ತಪ್ಪಿಗೆ ಅಂಕ ಕಳೆಯುವುದನ್ನು 2016ರಲ್ಲೇ ಕೈಬಿಟ್ಟಿದ್ದಾರೆ. ಹಾಗಾಗಿ ಒಂದೂ ಖಾಲಿ ಬಿಡಬಾರದು. ನಾಲ್ಕು ಆಯ್ಕೆಯಲ್ಲಿ ಎರಡನ್ನು ಹೊಡೆದುಹಾಕಿ, ಉಳಿದೆರಡರಲ್ಲಿ ಒಂದನ್ನು ಆರಿಸಿದ್ರೂ ಅರ್ಧ ಅವಕಾಶ ಇದೆ. ಹೀಗೆ ಆಯ್ಕೆ ಹೊಡೆದುಹಾಕುವ ಸೌಲಭ್ಯ ಸ್ಕ್ರೀನ್ ಮೇಲೇ ಇದೆ.

ಮೂರನೆಯದು ಸಿಲೆಬಸ್ ಹುಚ್ಚು. ಗಣಿತದಲ್ಲಿ ಏನು ಕೇಳ್ತಾರೆ ಗೊತ್ತಾ? ಸರಳ ಬೀಜಗಣಿತ ಸುಮಾರು ಶೇ 35. ವರ್ಗಸಮೀಕರಣ, ಘಾತ, ಫಂಕ್ಷನ್ ಇಂಥವು ಇನ್ನೊಂದು ಶೇ 35. ಅನುಪಾತ, ಶೇಕಡಾವಾರು, ಅಂಕಿಅಂಶ ಶೇ 15. ರೇಖಾಗಣಿತ, ತ್ರಿಕೋನಮಿತಿ ಶೇ 15. ಕ್ಯಾಲ್ಕುಲಸ್ ಇಲ್ಲವೇ ಇಲ್ಲ! ನಮ್ಮ ಪಿಯುಸಿ ಸೈನ್ಸ್ ಮಗುವಿಗೆ ಇದರಲ್ಲಿ ಹೊಸದು ತುಂಬಾ ಕಡಿಮೆ. ಹಾಗಿದ್ರೆ ಅಂಕ ಹೋಗೋದು ಎಲ್ಲಿ? ಒಂದು ಉದಾಹರಣೆ ಕೊಡ್ತೀನಿ. 3x + 6 = 27 ಆದರೆ x + 2 ಎಷ್ಟು? ನಮ್ಮ ಮಗು ಚಕಚಕ ಅಂತ x = 7 ಅಂತ ಕಂಡುಹಿಡಿದು 7 ಅನ್ನೋದನ್ನು ಒತ್ತಿಬಿಡುತ್ತೆ. ಆಯ್ಕೆಗಳಲ್ಲಿ 7 ಇದ್ದೇ ಇರುತ್ತೆ, ಪ್ರಶ್ನೆ ತೆಗೆದವರು ಇದಕ್ಕೇ ಕಾದು ಕೂತಿರ್ತಾರೆ. ಕೇಳಿದ್ದು x ಅಲ್ಲ, x + 2. ಉತ್ತರ 9. ಇಡೀ ಸಮೀಕರಣವನ್ನು ಮೂರರಿಂದ ಭಾಗಿಸಿದ್ರೆ ಒಂದೇ ಹೆಜ್ಜೆಯಲ್ಲಿ ಬರುತ್ತಿತ್ತು. ಮಗುವಿಗೆ ಗಣಿತ ಗೊತ್ತಿತ್ತು. ಪ್ರಶ್ನೆಯನ್ನು ಪೂರ್ತಿ ಓದಲಿಲ್ಲ ಅಷ್ಟೇ.

ಗಣಿತದಲ್ಲಿ ಇನ್ನೊಂದು ಹೊಸತಿದೆ. ಪೂರ್ತಿ ಗಣಿತ ವಿಭಾಗಕ್ಕೆ ಕ್ಯಾಲ್ಕುಲೇಟರ್ ಬಳಸಬಹುದು, ಅದೂ ಡೆಸ್ಮೋಸ್ ಅನ್ನುವ ಗ್ರಾಫ್ ಬಿಡಿಸುವ ಕ್ಯಾಲ್ಕುಲೇಟರ್ ಸ್ಕ್ರೀನ್ ಒಳಗೇ ಇದೆ. y = 2x + 1, y = –x + 10, ಈ ಎರಡು ಗೆರೆ ಎಲ್ಲಿ ಸಂಧಿಸುತ್ತವೆ ಅಂತ ಕೇಳಿದ್ರೆ ಎರಡನ್ನೂ ಟೈಪ್ ಮಾಡಿ, ಗೆರೆಗಳು ಕೂಡುವ ಜಾಗದ ಮೇಲೆ ಒತ್ತಿದ್ರೆ (3, 7) ಅಂತ ಅದೇ ಹೇಳುತ್ತೆ. ಹಾಗಂತ 240ರ ಶೇ 15 ಎಷ್ಟು ಅನ್ನೋದಕ್ಕೂ ಕ್ಯಾಲ್ಕುಲೇಟರ್ ತೆಗೆಯುತ್ತಾ ಕೂತರೆ ಟೈಮ್ ಹೋಗುತ್ತೆ. ಒಂದು ಗಣಿತ ಪ್ರಶ್ನೆಗೆ ಸಿಗೋದು ಸರಾಸರಿ 95 ಸೆಕೆಂಡು. ಯಾವಾಗ ತೆಗೆಯಬೇಕು, ಯಾವಾಗ ಬಾಯಿಲೆಕ್ಕ ಸಾಕು ಅನ್ನೋ ವಿವೇಚನೆ ಮನೆಯಲ್ಲಿ ಅಭ್ಯಾಸ ಮಾಡಿದ್ರೆ ಮಾತ್ರ ಬರುತ್ತೆ.

ಇಂಗ್ಲಿಷ್ ವಿಭಾಗವೇ ನಮ್ಮ ಮಕ್ಕಳಿಗೆ ನಿಜವಾದ ಪರೀಕ್ಷೆ. ಹಿಂದೆ ಪುಟಗಟ್ಟಲೆ ಪ್ಯಾಸೇಜ್ ಕೊಟ್ಟು ಅದರ ಮೇಲೆ ಹತ್ತು ಹನ್ನೊಂದು ಪ್ರಶ್ನೆ ಕೇಳುತ್ತಿದ್ದರು. ಈಗ ಪ್ಯಾಸೇಜ್ 25ರಿಂದ 150 ಪದ, ಒಂದಕ್ಕೆ ಒಂದೇ ಪ್ರಶ್ನೆ. ಕೇಳಲಿಕ್ಕೆ ಹಗುರ ಅನ್ಸುತ್ತೆ. ಆದರೆ ಒಂದು ಕ್ಷಣ ವಿಜ್ಞಾನ, ಮರುಕ್ಷಣ ಕವಿತೆ, ಅದಾದ ಮೇಲೆ ಇತಿಹಾಸ. ಪ್ರತಿ 71 ಸೆಕೆಂಡಿಗೆ ತಲೆ ಬದಲಾಯಿಸಬೇಕು. ಇಲ್ಲಿ ಬಾಯಿಪಾಠ ನಡೆಯಲ್ಲ. ಅವರು ನೋಡೋದು ಒಂದು ಮಾತಿಗೂ ಇನ್ನೊಂದು ಮಾತಿಗೂ ಏನು ಸಂಬಂಧ ಅಂತ ನಿಮಗೆ ಗೊತ್ತಾಗುತ್ತಾ ಅನ್ನೋದನ್ನು. ಕನ್ನಡದಲ್ಲೇ ಹೇಳ್ತೀನಿ ಕೇಳಿ. 'ಆ ವರ್ಷ ಕೆರೆಗೆ ನೀರು ಬರಲಿಲ್ಲ. ಡ್ಯಾಶ್, ರೈತರು ಭತ್ತದ ಬದಲು ರಾಗಿ ಬಿತ್ತಿದರು.' ಡ್ಯಾಶ್ ಇರುವ ಕಡೆ 'ಆದರೂ' ಬರಬೇಕಾ, 'ಆದ್ದರಿಂದ' ಬರಬೇಕಾ, 'ಉದಾಹರಣೆಗೆ' ಬರಬೇಕಾ? ನಮಗೆ ಇದು ಆಟ. ಇಂಗ್ಲಿಷ್‌ನಲ್ಲಿ ಇದೇ ಆಟ ಆಡಬೇಕು ಅಂದ್ರೆ ಆ ಭಾಷೆಯನ್ನು ದಿನಾ ಓದಿರಬೇಕು. ಆರು ತಿಂಗಳು, ದಿನಕ್ಕೆ ಇಪ್ಪತ್ತು ನಿಮಿಷ, ಪತ್ರಿಕೆಯ ಒಂದು ಲೇಖನ ಓದಿ, 'ಇವರು ಏನು ಹೇಳಿದ್ರು, ಅದಕ್ಕೆ ಏನು ಸಾಕ್ಷಿ ಕೊಟ್ಟರು' ಅಂತ ಎರಡು ಸಾಲು ಬರೆಯೋದು. ಯಾವ ಪದಪಟ್ಟಿಯೂ ಮಾಡದ ಕೆಲಸ ಇದು ಮಾಡುತ್ತೆ. ಕನ್ನಡದ ಒಳ್ಳೆ ಗದ್ಯ ಓದುವ ಮಗುವಿಗೆ ಈ ವಾದ ಹಿಡಿಯುವ ಅಭ್ಯಾಸ ಅರ್ಧ ಬಂದೇ ಇರುತ್ತೆ, ಅದನ್ನು ಬಿಡಿಸಬೇಡಿ.

ಹಾಗಿದ್ರೆ ತಯಾರಿಗೆ ಎಷ್ಟು ಖರ್ಚು? ಪರೀಕ್ಷೆ ನಡೆಯೋದು ಬ್ಲೂಬುಕ್ ಅನ್ನುವ ಆ್ಯಪ್‌ನಲ್ಲಿ. ಅದು ಉಚಿತ. ಅದರಲ್ಲೇ ಪೂರ್ತಿ ಮಾದರಿ ಪರೀಕ್ಷೆಗಳಿವೆ, ನಿಜವಾದ ಪರೀಕ್ಷೆಯ ಹಾಗೇ ಮಾಡ್ಯೂಲ್ ಬದಲಾಯಿಸುತ್ತವೆ, ಅವೂ ಉಚಿತ. 2015ರಿಂದ ಖಾನ್ ಅಕಾಡೆಮಿ ಕಾಲೇಜ್ ಬೋರ್ಡ್ ಜೊತೆ ಸೇರಿ ಪಾಠ, ಅಭ್ಯಾಸ ಕೊಡುತ್ತಿದೆ, ಅದೂ ಉಚಿತ. ಕೋಚಿಂಗ್ ತಪ್ಪು ಅಂತ ನಾನು ಹೇಳ್ತಿಲ್ಲ. ಒಳ್ಳೆ ಮೇಷ್ಟ್ರು ಮಗುವಿನ ಪಕ್ಕ ಕೂತು ತಪ್ಪು ತಿದ್ದುತ್ತಾರೆ ಅಂದ್ರೆ ಅದಕ್ಕೆ ಬೆಲೆ ಇದೆ. ಆದರೆ ಫೀಸು ಕಟ್ಟುವ ಮೊದಲು ಮಗು ಮನೆಯಲ್ಲೇ ಬ್ಲೂಬುಕ್‌ನ ಒಂದು ಪೂರ್ತಿ ಪರೀಕ್ಷೆ ಬರೆಯಲಿ. ಎಲ್ಲಿ ನಿಂತಿದ್ದೀವಿ ಅಂತ ಗೊತ್ತಿಲ್ಲದೆ ಬಸ್ ಟಿಕೆಟ್ ತಗೊಳ್ಳೋದು ಯಾಕೆ?

ಆ ಪರೀಕ್ಷೆ ಆದ ಮೇಲೆ ಒಂದು ನೋಟ್‌ಬುಕ್ ತೆಗೆದು ಮೂರು ಕಾಲಂ ಹಾಕಿಸಿ. 'ಗೊತ್ತಿರಲಿಲ್ಲ', 'ಗೊತ್ತಿತ್ತು, ತಪ್ಪಾಗಿ ಓದಿದೆ', 'ಟೈಮ್ ಸಾಲಲಿಲ್ಲ'. ಪ್ರತಿ ತಪ್ಪೂ ಒಂದು ಕಾಲಂಗೆ ಹೋಗಬೇಕು. ಮೊದಲ ಕಾಲಂ ತುಂಬಿದ್ರೆ ಪಾಠ ಬೇಕು. ಎರಡನೆಯದು ತುಂಬಿದ್ರೆ ನಿಧಾನ ಬೇಕು. ಮೂರನೆಯದು ತುಂಬಿದ್ರೆ ಟೈಮಿಟ್ಟುಕೊಂಡು ಅಭ್ಯಾಸ ಬೇಕು. ಮೂರಕ್ಕೂ ಮದ್ದು ಬೇರೆ. ಎಲ್ಲದಕ್ಕೂ 'ಇನ್ನೂ ಸಾವಿರ ಪ್ರಶ್ನೆ ಮಾಡು' ಅನ್ನೋದು ಮದ್ದಲ್ಲ. ಮಾದರಿ ಪರೀಕ್ಷೆಗಳು ಬೆರಳೆಣಿಕೆಯಷ್ಟೇ ಇರೋದ್ರಿಂದ ವಾರಕ್ಕೊಂದು ಮುಗಿಸಿಬಿಡಬೇಡಿ. ಮೂರು ನಾಲ್ಕು ವಾರಕ್ಕೆ ಒಂದು, ನಡುವೆ ತಪ್ಪು ತಿದ್ದುವ ಕೆಲಸ.

ಇನ್ನು ಯಂತ್ರದ ವಿಚಾರ. ಪರೀಕ್ಷಾ ಕೇಂದ್ರಕ್ಕೆ ಮಗು ಸಾಮಾನ್ಯವಾಗಿ ತನ್ನದೇ ಲ್ಯಾಪ್‌ಟಾಪ್ ಅಥವಾ ಟ್ಯಾಬ್ ತರಬೇಕು, ಮೊಬೈಲಲ್ಲಿ ಬರೆಯೋಹಾಗಿಲ್ಲ. ಪರೀಕ್ಷೆಗೆ ಕೆಲವು ದಿನ ಮೊದಲೇ ಬ್ಲೂಬುಕ್ ತೆರೆದು ಸೆಟಪ್ ಮುಗಿಸಬೇಕು. ಚಾರ್ಜ್ ಮೂರು ಗಂಟೆ ಬರಬೇಕು, ಹಳೇ ಬ್ಯಾಟರಿ ಆಗಿದ್ರೆ ಮೊದಲೇ ನೋಡಿಕೊಳ್ಳಿ. ಪರೀಕ್ಷೆ ನಡುವೆ ಇಂಟರ್ನೆಟ್ ಹೋದರೆ ಗಾಬರಿ ಬೇಡ, ಉತ್ತರಗಳು ಯಂತ್ರದಲ್ಲೇ ಉಳಿಯುತ್ತವೆ, ಬರೆಯೋದನ್ನು ಮುಂದುವರಿಸಬಹುದು. ಇಂಟರ್ನೆಟ್ ಬೇಕಾಗೋದು ಶುರುಮಾಡುವಾಗ, ಕೊನೆಗೆ ಕಳಿಸುವಾಗ. ಹಾಗಂತ ಇದು ದೋಷವೇ ಇಲ್ಲದ ವ್ಯವಸ್ಥೆಯೂ ಅಲ್ಲ. 2025ರ ಮಾರ್ಚ್ 8ರಂದು ಅಮೆರಿಕದಲ್ಲಿ ಸಾಫ್ಟ್‌ವೇರ್ ದೋಷದಿಂದ ಸಾವಿರಾರು ಮಕ್ಕಳ ಉತ್ತರಗಳು ಸಮಯ ಮುಗಿಯುವ ಮೊದಲೇ ತಾವಾಗೇ ಸಲ್ಲಿಕೆಯಾದವು. ಕಾಲೇಜ್ ಬೋರ್ಡ್ ಕ್ಷಮೆ ಕೇಳಿ ಶುಲ್ಕ ಹಿಂತಿರುಗಿಸಬೇಕಾಯ್ತು. ಅದಕ್ಕೇ ಅರ್ಜಿ ಹಾಕುವ ಗಡುವಿನ ಹಿಂದಿನ ಕೊನೇ ಪರೀಕ್ಷೆಯ ಮೇಲೆ ಎಲ್ಲವನ್ನೂ ಪಣಕ್ಕಿಡಬೇಡಿ. ಇನ್ನೊಂದು ಸಲ ಬರೆಯಲಿಕ್ಕೆ ಜಾಗ ಇರಲಿ.

ಇಷ್ಟೆಲ್ಲ ಮಾಡಿಯೂ, ಈ ಪರೀಕ್ಷೆ ನಿಮಗೆ ಬೇಕೇ ಬೇಕಾ? ಇದನ್ನು ಕೇಳುವವರೇ ಕಡಿಮೆ. ಕೋವಿಡ್ ಕಾಲದಲ್ಲಿ ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು ಸ್ಯಾಟ್ ಕಡ್ಡಾಯ ಅನ್ನೋದನ್ನು ಕೈಬಿಟ್ಟವು. ಎಂಐಟಿ 2022ರಲ್ಲಿ ಮತ್ತೆ ಕಡ್ಡಾಯ ಮಾಡಿತು. 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್ ಅದೇ ದಾರಿ ಹಿಡಿದವು. ಆದರೆ ಬರ್ಕ್ಲಿ, ಲಾಸ್ ಏಂಜಲಿಸ್ ಕ್ಯಾಂಪಸ್‌ಗಳಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಪ್ರವೇಶ ತೀರ್ಮಾನಕ್ಕೆ ಸ್ಯಾಟ್ ಅಂಕ ನೋಡೋದನ್ನೇ ನಿಲ್ಲಿಸಿತು. ನೀವು ಕಳಿಸಿದ್ರೂ ನೋಡಲ್ಲ. ಹಾಗಾಗಿ ಮೊದಲು ಮಗು ಸೇರಬೇಕು ಅಂದುಕೊಂಡಿರುವ ಕಾಲೇಜುಗಳ ಪಟ್ಟಿ ಮಾಡಿ, ಒಂದೊಂದರ ನಿಯಮ ಆ ವರ್ಷಕ್ಕೆ ಏನಿದೆ ಅಂತ ಅವರದೇ ವೆಬ್‌ಸೈಟ್‌ನಲ್ಲಿ ನೋಡಿ. ಏಜೆಂಟ್ ಬಾಯಿಂದ ಕೇಳಿದ್ದನ್ನು ನಂಬಬೇಡಿ.

ಈ ಚರ್ಚೆ ಅಮೆರಿಕದಲ್ಲೂ ಮುಗಿದಿಲ್ಲ. ಹಾರ್ವರ್ಡ್‌ನ ಆಪರ್ಚುನಿಟಿ ಇನ್‌ಸೈಟ್ಸ್ ತಂಡದ ಅರ್ಥಶಾಸ್ತ್ರಜ್ಞರು 2023ರಲ್ಲಿ ಅಂಕಿಅಂಶ ಮುಂದಿಟ್ಟರು. ಅತಿ ಶ್ರೀಮಂತ ಶೇ 1ರಷ್ಟು ಮನೆಗಳ ಮಕ್ಕಳು 1300 ಅಥವಾ ಅದಕ್ಕಿಂತ ಹೆಚ್ಚು ಅಂಕ ತೆಗೆಯುವ ಸಾಧ್ಯತೆ ಬಡ ಮನೆಗಳ ಮಕ್ಕಳಿಗಿಂತ 13 ಪಟ್ಟು ಜಾಸ್ತಿ. ಹಾಗಿದ್ರೆ ಪರೀಕ್ಷೆ ಅನ್ಯಾಯ ಅಲ್ವಾ ಅಂತ ಒಂದು ವಾದ. ಎಂಐಟಿ ಕೊಟ್ಟ ಉತ್ತರ ಬೇರೆ. ದೊಡ್ಡ ಶಾಲೆ, ಮುಂದುವರಿದ ಕೋರ್ಸು ಯಾವುದೂ ಸಿಗದ ಮಗುವಿಗೆ 'ನನಗೂ ಆಗುತ್ತೆ' ಅಂತ ತೋರಿಸಲಿಕ್ಕೆ ಇರುವ ದಾರಿಗಳಲ್ಲಿ ಇದೂ ಒಂದು ಅಂತ. ಎರಡರಲ್ಲೂ ಸತ್ಯ ಇದೆ. ಅಂತರ ಹುಟ್ಟೋದು ಪರೀಕ್ಷೆಯ ದಿನ ಅಲ್ಲ, ಅದಕ್ಕೆ ಎಷ್ಟೋ ವರ್ಷ ಮೊದಲೇ, ಓದಲಿಕ್ಕೆ ಏನು ಸಿಕ್ಕಿತು, ಕೂರಲಿಕ್ಕೆ ಜಾಗ ಸಿಕ್ಕಿತಾ ಅನ್ನುವಲ್ಲಿ.

ಕೊನೆಯದಾಗಿ ಒಂದು ಸಂಖ್ಯೆ. ಇಂಗ್ಲಿಷ್‌ನಲ್ಲಿ 480, ಗಣಿತದಲ್ಲಿ 530. ಇದನ್ನು ಕಾಲೇಜ್ ಬೋರ್ಡ್ 'ಕಾಲೇಜಿಗೆ ಸಿದ್ಧ' ಅನ್ನುವ ಗೆರೆ ಅನ್ನುತ್ತೆ. ಅಂದರೆ ಇಷ್ಟು ಬಂದ ಮಗು ಮೊದಲ ಸೆಮಿಸ್ಟರಿನ ಸಂಬಂಧಪಟ್ಟ ಪಾಠಗಳಲ್ಲಿ ಕನಿಷ್ಠ 'ಸಿ' ಗ್ರೇಡ್ ತೆಗೆಯುವ ಸಾಧ್ಯತೆ ಶೇ 75. ಎರಡೂ ಸೇರಿದ್ರೆ 1010. ನಮ್ಮ ಮನೆಗಳಲ್ಲಿ 1400 ಬಂದ ಮಗುವಿಗೂ 'ಅಯ್ಯೋ ಅಷ್ಟೇನಾ' ಅಂತೀವಿ. ಹೆಸರಾಂತ ಕಾಲೇಜುಗಳಿಗೆ 1500ರ ಆಸುಪಾಸು ಬೇಕಾಗಬಹುದು, ನಿಜ. ಆದರೆ ಆ ಕೆಲವು ಕಾಲೇಜುಗಳ ಬಾಗಿಲಷ್ಟೇ ಬಾಗಿಲಲ್ಲ.

ಪರೀಕ್ಷೆ ಮುಗಿಸಿ ಹೊರಬಂದ ಮಗುವನ್ನು 'ಎರಡನೇ ಮಾಡ್ಯೂಲ್ ಕಷ್ಟದ್ದು ಬಂತಾ, ಸುಲಭದ್ದು ಬಂತಾ' ಅಂತ ಗೇಟಿನಲ್ಲೇ ನಿಲ್ಲಿಸಿ ಕೇಳಬೇಡಿ. ಒಳಗೆ ಕೂತಾಗ ಅದೇ ಯೋಚನೆಯಲ್ಲಿ ಎಷ್ಟೋ ಮಕ್ಕಳು ಮುಂದಿನ ಪ್ರಶ್ನೆ ಕೆಡಿಸಿಕೊಳ್ಳುತ್ತಾರೆ. ಅದಕ್ಕಿಂತ ಮೊದಲು ಮಗುವಿಗೆ ಊಟ ಮಾಡಿಸಿ. ಸ್ಕೋರ್ ಎರಡು ವಾರದ ಆಸುಪಾಸಿನಲ್ಲಿ ತಾನಾಗೇ ಬರುತ್ತೆ.